ಮಲಗಿಸಿಬಿಟ್ಟರೆ ಮುಗಿಯಿತೇ?

ಚಿತ್ತ ಕೆಟ್ಟವರನ್ನು ಹೇಗಾದರೂ ಮಲಗಿಸಿಬಿಟ್ಟರೆ ಕೆಲಸ ಮುಗಿಯಿತು ಎಂಬ ನಂಬಿಕೆ ನಮ್ಮ ಮನೆಗಳಲ್ಲಷ್ಟೇ ಅಲ್ಲ, ಆಸ್ಪತ್ರೆಗಳಲ್ಲೂ ಬೇರುಬಿಟ್ಟಿದೆ. ಇದು ವಾರ್ಡಿನ ನೆಮ್ಮದಿಗೆ ಮಾಡುವ ಮದ್ದೇ ಹೊರತು ರೋಗಿಯ ನಿದ್ದೆಗಲ್ಲ.

ನಮ್ಮದು ಮಾಗಡಿ ಸೀಮೆ, ಸಾವನದುರ್ಗದ ಬುಡದ ಹಳ್ಳಿ. ರಾತ್ರಿ ಒಂಬತ್ತಕ್ಕೆ ದೀಪ ಆರಿದರೆ ಅಷ್ಟು ದೊಡ್ಡ ಬೆಟ್ಟವೂ ಕಾಣದ ಕತ್ತಲು. ಅಲ್ಲಿ ಮಲಗಿ ರೂಢಿಯಿದ್ದ ನನ್ನ ಓರಗಿತ್ತಿಗೆ ಸ್ಕಿಜೋಫ್ರೀನಿಯಾ ಎಂದಾಗ, ವೀರಭದ್ರಸ್ವಾಮಿಗೆ ಹರಕೆ ಹೊತ್ತು, ಬೆಂಗಳೂರಿನ ಒಂದು ಆಸ್ಪತ್ರೆಗೆ ಸೇರಿಸಿದೆವು. ಜೊತೆಗೆ ಉಳಿದವಳು ನಾನು. ಗಂಡಸರು ದುಡ್ಡು ಕಟ್ಟಿ ಬಸ್ಸು ಹತ್ತಿದರು, ಅದು ಬೇರೆ ಕಥೆ. ವಾರ್ಡಿನಲ್ಲಿ ಇಡೀ ರಾತ್ರಿ ಟ್ಯೂಬ್‌ಲೈಟ್. ಹನ್ನೊಂದಕ್ಕೆ ಟ್ರಾಲಿಯ ಸದ್ದು, ಐದಕ್ಕೆ ನೆಲ ಒರೆಸುವವರು. ಹಗಲೆಲ್ಲ ಮಾಡಲು ಕೆಲಸವಿಲ್ಲ. ಮಧ್ಯಾಹ್ನ ಮೂರು ಗಂಟೆ ಮಲಗಿ, ಸಂಜೆ ಎರಡು ಲೋಟ ಕಾಫಿ ಕುಡಿದವರಿಗೆ ರಾತ್ರಿ ನಿದ್ದೆ ಎಲ್ಲಿಂದ ಬರಬೇಕು? ಇಷ್ಟನ್ನು ಸರಿಮಾಡಲು ಯಾವ ಡಿಗ್ರಿ ಬೇಕು ಹೇಳಿ.

ನಾಲ್ಕನೆಯ ರಾತ್ರಿ ಅವಳು ಕೂರಲಾರದೆ, ನಿಲ್ಲಲಾರದೆ ಓಡಾಡತೊಡಗಿದಳು. "ಅಕ್ಕಾ, ಕಾಲೊಳಗೆ ಏನೋ ಎಳೆದಂಗಾಯ್ತದೆ, ಕೂತ್ಕಳಕ್ಕೇ ಆಗ್ತಿಲ್ಲ" ಎಂದಳು. ಗಲಾಟೆ ಜಾಸ್ತಿಯಾಗಿದೆ ಎಂದು ಇನ್ನೊಂದು ಇಂಜೆಕ್ಷನ್ ಬಿತ್ತು. ಮರುರಾತ್ರಿ ಓಡಾಟ ಇನ್ನೂ ಹೆಚ್ಚಿತು. ಕೈಗಳನ್ನು ಬಟ್ಟೆಯಿಂದ ಮಂಚಕ್ಕೆ ಕಟ್ಟಿದರು. ಬೆಳಿಗ್ಗೆ ಬಂದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಮಂಚದ ಅಂಚಿಗೆ ಕೂತು "ಏನಾಗ್ತಿದೆಯಮ್ಮಾ?" ಎಂದು ಕೇಳಿದರು. ಅಷ್ಟು ದಿನದಲ್ಲಿ ಹಾಗೆ ಕೇಳಿದವರು ಅವರೊಬ್ಬರೇ. ಆ ತಳಮಳ ರೋಗದ್ದಲ್ಲ, ಔಷಧದ್ದು! ಹಾಲೊಪೆರಿಡಾಲ್‌ನಂಥ ಔಷಧಗಳು ಕೆಲವರಿಗೆ ಹೀಗೆ ಮಾಡುತ್ತವಂತೆ. ವೈದ್ಯರು ಅದನ್ನು ಅಕಥೀಸಿಯಾ ಎನ್ನುತ್ತಾರೆ. ಹುಚ್ಚು ಕೆರಳಿತೆಂದು ಅದೇ ಔಷಧವನ್ನು ಹೆಚ್ಚಿಸಿದರೆ ಉರಿಯುವ ಒಲೆಗೆ ಸೀಮೆಎಣ್ಣೆ ಸುರಿದಂತೆ. ಪ್ರಮಾಣ ತಗ್ಗಿಸಿ ಪ್ರೊಪ್ರನೊಲಾಲ್ ಮಾತ್ರೆ ಕೊಟ್ಟ ಮೇಲೆ ಅವಳು ಕೂತು ಊಟ ಮಾಡಿದಳು, ಮಲಗಿದಳು.

ಇಂಜೆಕ್ಷನ್ನೇ ಬೇಡವೆನ್ನುವ ಮೂರ್ಖಳಲ್ಲ ನಾನು. ಕಿವಿಯಲ್ಲಿ ಬೈಯುವ ದನಿಗೆ ಹೆದರಿ ಗೋಡೆಗೆ ತಲೆ ಚಚ್ಚಿಕೊಳ್ಳುವವರಿಗೆ ಅದು ಬೇಕೇ ಬೇಕು. ಯಾವುದು ಬೇಗ ಶಾಂತಗೊಳಿಸುತ್ತದೆ ಎಂದು ವೆಲ್ಲೂರಿನ ವೈದ್ಯರು ಪರೀಕ್ಷಿಸಿ 2004ರಲ್ಲೇ ಪ್ರಕಟಿಸಿದ್ದಾರೆ. ಶಾಂತಗೊಳಿಸುವ ವಿದ್ಯೆ ನಮಗೆ ಗೊತ್ತಿದೆ, ಯಾಕೆ ಕೆರಳಿದರು ಎಂದು ಕೇಳುವ ವ್ಯವಧಾನವಿಲ್ಲ. ಹಲ್ಲುನೋವಿರಬಹುದು, ಹೊಟ್ಟೆ ಕಟ್ಟಿರಬಹುದು. ಮುಟ್ಟಿನ ಬಟ್ಟೆ ಬದಲಿಸಲು ಮರೆ ಸಿಗದೆ ಕಿರುಚಿದ ಹೆಣ್ಣುಮಗಳಿಗೂ ಅಲ್ಲಿ ಸೂಜಿಯೇ ಉತ್ತರವಾಯಿತು.

ವಾರ್ಡಿಗೆಲ್ಲ ಇಬ್ಬರೇ ಸಿಸ್ಟರುಗಳು, ಪಾಪ, ಅವರೇನು ಮಾಡಿಯಾರು ಎನ್ನುತ್ತೀರಿ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಸರಪಳಿಯಲ್ಲಿದ್ದ 28 ಜನ ಬೆಂಕಿಯಲ್ಲಿ ಬೆಂದುಹೋದದ್ದನ್ನು ಮರೆಯಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿಯನ್ನು ಪೂರ್ತಿ ನಿಷೇಧಿಸಿದೆ. ಕೂಡಲೇ ಅಪಾಯವಾಗುವಂತಿದ್ದು, ಬೇರೆ ದಾರಿಯೇ ಇಲ್ಲದಾಗ ಮಾತ್ರ, ಮನೋವೈದ್ಯರ ಒಪ್ಪಿಗೆಯಿಂದ ಕಟ್ಟಬಹುದು. ಸಿಬ್ಬಂದಿ ಕಡಿಮೆ ಎಂಬ ಕಾರಣಕ್ಕೆ ಕಟ್ಟುವಂತಿಲ್ಲ. ಯಾಕೆ ಕಟ್ಟಿದರು, ಎಷ್ಟು ಹೊತ್ತು ಕಟ್ಟಿದರು ಎಂಬುದನ್ನು ಕೂಡಲೇ ಕೇಸ್‌ಶೀಟಿನಲ್ಲಿ ಬರೆಯಬೇಕು.

ಆಸ್ಪತ್ರೆಯಲ್ಲಿ ಚಾಪೆ ಹಾಸಿ ಕಾವಲು ಕೂರುವವರು ನಾವೇ ತಾನೇ? ಕೇಳುವವರೂ ನಾವೇ ಆಗಬೇಕು. ಬಿಡುಗಡೆಯ ದಿನ ನಾನು ಕೇಳಿದೆ, ಆ ರಾತ್ರಿ ಕಟ್ಟಿದ್ದನ್ನು ಎಲ್ಲಿ ಬರೆದಿದ್ದೀರಿ, ತೋರಿಸಿ ಎಂದು. ಹಾಳೆಗಳನ್ನು ಎರಡು ಸಲ ಮಗುಚಿದರು. ಎಲ್ಲೂ ಇರಲಿಲ್ಲ.