ನೀರು ಕಡಿಮೆ, ನೆಲ ಮಾತ್ರ ಒಣ

ಬೇಸಿಗೆ ಶುರುವಾಯಿತೆಂದರೆ ಹಮ್ರಿಯಾದ ಗಲ್ಲಿಗಳಲ್ಲಿ ಬೆಳಗ್ಗೆ ಒಂದು ನೋಟ ಮಾಮೂಲು. ಹಳೇ ಕಾರಿನ ಬಾನೆಟ್ ಎತ್ತಿಕೊಂಡು, ಕೈಯಲ್ಲಿ ನೀರಿನ ಬಾಟಲಿ ಹಿಡಿದು ಯಾರಾದರೂ ನಿಂತಿರುತ್ತಾರೆ. "ಏನಾಯ್ತು ಅಣ್ಣ?" ಅಂತ ಕೇಳಿದರೆ, "ಏನಿಲ್ಲ ಮಾರಾಯ, ಇದು ಸ್ವಲ್ಪ ನೀರು ಕುಡಿಯುತ್ತೆ" ಅನ್ನುತ್ತಾರೆ. ಬಾಟಲಿ ಖಾಲಿ ಮಾಡಿ, ಬಾನೆಟ್ ಮುಚ್ಚಿ, ಡ್ಯೂಟಿಗೆ ಹೊರಡುತ್ತಾರೆ.

ಈ ತಿಂಗಳು ಆ "ಸ್ವಲ್ಪ"ದ ಲೆಕ್ಕ ನೋಡೋಣ.

ಪೆಟ್ರೋಲ್ ಓಡಿದಷ್ಟೂ ಖರ್ಚಾಗುವ ವಸ್ತು. ರೇಡಿಯೇಟರಿನ ನೀರು ಹಾಗಲ್ಲ. ಅದು ಇಂಜಿನ್ ಸುತ್ತಿ ಬಿಸಿ ಹೊತ್ತು ತರುತ್ತದೆ, ರೇಡಿಯೇಟರಿನಲ್ಲಿ ತಣ್ಣಗಾಗುತ್ತದೆ, ಮತ್ತೆ ಇಂಜಿನ್ನಿಗೇ ಹೋಗುತ್ತದೆ. ನಮ್ಮ ಕಸುಬಿನ ಮಾತಿನಲ್ಲಿ ಹೇಳುವುದಾದರೆ ಓಪನಿಂಗ್ ಬ್ಯಾಲೆನ್ಸೂ ಕ್ಲೋಸಿಂಗ್ ಬ್ಯಾಲೆನ್ಸೂ ಹೆಚ್ಚುಕಡಿಮೆ ಒಂದೇ ಇರಬೇಕು. ವರ್ಷದಲ್ಲಿ ಒಂದು ಚೂರು ಇಳಿದರೆ ಚಿಂತೆಯಿಲ್ಲ. ವಾರ ವಾರವೂ ಇಳಿಯುತ್ತಿದೆ ಅಂದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ.

"ಇಲ್ಲಿ ಹಿಮ ಬೀಳಲ್ಲ, ಕೂಲೆಂಟ್ ಯಾಕೆ, ನಲ್ಲಿ ನೀರು ಸಾಕು" ಅನ್ನುವವರು ಬಹಳ ಇದ್ದಾರೆ. ಶಿರಾಡಿ, ಆಗುಂಬೆ ಘಾಟಿಗಳಲ್ಲಿ ಲಾರಿ ನಿಲ್ಲಿಸಿ, ತೊರೆಯ ನೀರು ಹಿಡಿದು ರೇಡಿಯೇಟರಿಗೆ ಸುರಿಯುತ್ತಿದ್ದುದನ್ನು ನಮ್ಮಲ್ಲಿ ಅನೇಕರು ಚಿಕ್ಕಂದಿನಲ್ಲಿ ಕಂಡವರೇ. ಆದರೆ ಅವು ದಪ್ಪ ಕಬ್ಬಿಣದ ಇಂಜಿನ್‌ಗಳು. ಈಗಿನ ಕಾರುಗಳ ಹೆಡ್ ಅಲ್ಯೂಮಿನಿಯಂ. ಬಿಸಿ ಮಿತಿ ಮೀರಿದರೆ ಅದು ಸೊಟ್ಟಗಾಗುತ್ತದೆ. ಕೂಲೆಂಟ್ ಒಳಗೆ ತುಕ್ಕು ಹಿಡಿಯದಂತೆ ತಡೆಯುತ್ತದೆ, ಕುದಿಯುವ ಮಟ್ಟವನ್ನೂ ಏರಿಸುತ್ತದೆ. ಬರೀ ನೀರು 100 ಡಿಗ್ರಿಗೆ ಕುದಿಯುತ್ತದೆ. ಅರ್ಧ ಕೂಲೆಂಟ್ ಅರ್ಧ ನೀರು ಬೆರೆಸಿದರೆ ಸುಮಾರು 107ಕ್ಕೆ. ಅದರ ಮೇಲೆ ರೇಡಿಯೇಟರಿನ ಮುಚ್ಚಳ ಒಳಗೆ ಒತ್ತಡ ಹಿಡಿದಿಡುವುದರಿಂದ 120 ದಾಟಿದರೂ ಕುದಿಯುವುದಿಲ್ಲ. ಮುಚ್ಚಳದ ಮೇಲೆ 0.9 ಅಥವಾ 1.1 ಅಂತ ಬರೆದಿರುತ್ತದಲ್ಲ, ಅದೇ ಆ ಒತ್ತಡದ ಅಂಕಿ. ಎಲ್ಲಾದರೂ ಸೋರಿದರೆ ನೀರಿನ ಜೊತೆ ಈ ಒತ್ತಡವೂ ಹೋಗುತ್ತದೆ. ಆಗ ಕಾರು ಬೇಗ ಕುದಿಯುತ್ತದೆ.

ನಮ್ಮ ಊರಿನ ಸೆಕೆ ನಿಮಗೆ ಹೇಳಬೇಕಿಲ್ಲ. 2018ರ ಜೂನ್ 26ರಂದು ಇಲ್ಲೇ ಪಕ್ಕದ ಕುರಿಯಾತ್‌ನಲ್ಲಿ ಇಡೀ ದಿನ, ರಾತ್ರಿ ಸೇರಿ, ಉಷ್ಣಾಂಶ 42.6 ಡಿಗ್ರಿಗಿಂತ ಕೆಳಗೆ ಇಳಿಯಲೇ ಇಲ್ಲ. ಇಂಥ ಕಡೆ ಅರ್ಧ ಲೀಟರ್ ಕೊರತೆಯೂ ಸಣ್ಣದಲ್ಲ.

ನಮ್ಮ ಕಾರು 2005ರ ಮಾಡೆಲ್. ಮುಲ್ಕಿಯಾ ಒಬ್ಬರ ಹೆಸರಲ್ಲಿದ್ದರೂ ಖರ್ಚು ರೂಮಿನ ನಾಲ್ವರದ್ದು. ಹೋದ ವರ್ಷ ಮೇ ತಿಂಗಳಿಂದ ಟ್ಯಾಂಕಿನಲ್ಲಿ ನೀರು ಇಳಿಯತೊಡಗಿತು. ಕೆಳಗೆ ನೋಡಿದರೆ ನೆಲ ಒಣ. ಆಗ ಶುರುವಾದದ್ದು ಬೇರೆ ಸೋರಿಕೆ. "ನೀನು ಎಸಿ ಫುಲ್ ಇಟ್ಟು ಎಳೀತೀಯ." "ನಾನು ಹಾಕಿಟ್ಟಿದ್ದೆ, ಆಮೇಲೆ ತಗೊಂಡು ಹೋದವರು ನೋಡಿಲ್ಲ." "ಹಾಕ್ದೆ ಅಂತ ಸುಮ್ನೆ ಹೇಳೋದು." ಒಂದೇ ಪಾತ್ರೆಯಲ್ಲಿ ಉಣ್ಣುವವರ ನಡುವೆ ಮಾತು ಕಡಿಮೆಯಾಯಿತು. ಕಾರು ಮಾರಿ ಪಾಲು ಹಂಚಿಕೊಂಡು ಬಿಡೋಣ ಅನ್ನುವ ತನಕ ಬಂತು.

ಆಫೀಸಿನಲ್ಲಿ ಪೆಟ್ಟಿ ಕ್ಯಾಷ್ ದಿನಾ ಒಂದು ರಿಯಾಲ್ ಕಡಿಮೆ ಬಿದ್ದರೆ, ಜೇಬಿಂದ ಹಾಕಿ ಸರಿಮಾಡುವುದು ಪರಿಹಾರ ಅಲ್ಲ. ಯಾವ ದಿನ, ಎಷ್ಟು, ಅವತ್ತು ಏನೇನು ನಡೆಯಿತು ಅಂತ ಬರೆದಿಡಬೇಕು. ಕಾರಿನಲ್ಲೂ ಅದನ್ನೇ ಮಾಡಿದೆವು. ಗ್ಲೋವ್ ಬಾಕ್ಸಿನಲ್ಲಿ ಒಂದು ನೋಟ್‌ಬುಕ್ ಇಟ್ಟೆವು. ಬೆಳಗ್ಗೆ ಇಂಜಿನ್ ತಣ್ಣಗಿರುವಾಗ, ಕಾರು ಸಮತಟ್ಟಾಗಿ ನಿಂತಿರುವಾಗ, ಟ್ಯಾಂಕಿನ ಮೇಲೆ ಮಾರ್ಕರಿನಲ್ಲಿ ಗೆರೆ. ಎಷ್ಟು ಹಾಕಿದೆವು ಅನ್ನುವುದು ಅಳತೆ ಲೋಟದಲ್ಲಿ. ಜೊತೆಗೆ ಕಿಲೋಮೀಟರ್, ಓಡಿಸಿದವರು ಯಾರು, ಹೋದದ್ದು ಎಲ್ಲಿಗೆ.

ಎರಡು ವಾರಕ್ಕೆ ಪುಟವೇ ಮಾತಾಡಿತು. ಯಾರು ಓಡಿಸಿದರೂ ಇಳಿಕೆ ಇದ್ದೇ ಇತ್ತು. ಶುಕ್ರವಾರ ಕಾರು ನಿಂತಲ್ಲೇ ನಿಂತರೆ ಗೆರೆ ಅಲ್ಲಾಡುತ್ತಿರಲಿಲ್ಲ. ಅಮಿರಾತ್–ಬೌಶರ್ ಗುಡ್ಡದ ರಸ್ತೆ ಹತ್ತಿದ ದಿನ ಎಲ್ಲಕ್ಕಿಂತ ಹೆಚ್ಚು ಇಳಿಯುತ್ತಿತ್ತು. ಅಂದರೆ ಇಂಜಿನ್ ಬಿಸಿಯಾಗಿ ಒತ್ತಡ ಏರಿದಾಗ ಮಾತ್ರ ಸೋರಿಕೆ. ರೂಮಿನ ಜಗಳ ಅವತ್ತೇ ಅರ್ಧ ಮುಗಿಯಿತು.

ಇನ್ನು ನೀರು ಹೋಗುವುದು ಎಲ್ಲಿಗೆ? ಮೂರೇ ದಾರಿ: ಹೊರಗೆ, ಕಾರಿನ ಒಳಗೆ, ಇಂಜಿನ್ನಿನ ಒಳಗೆ.

ಹೊರಗೆ ಅನ್ನುವುದಕ್ಕೆ ರಾತ್ರಿ ಕಾರಿನಡಿ ಅಗಲದ ರಟ್ಟು ಹಾಸಿ. ಎಸಿಯ ನೀರೂ ಕೆಳಗೆ ತೊಟ್ಟಿಕ್ಕುತ್ತದೆ, ಅದಕ್ಕೆ ಗಾಬರಿ ಬೇಡ. ಎಸಿ ನೀರಿಗೆ ಬಣ್ಣ, ವಾಸನೆ ಇಲ್ಲ. ಕೂಲೆಂಟ್ ಹಸಿರೋ ಕೆಂಪೋ ಇರುತ್ತದೆ, ಮುಟ್ಟಿದರೆ ಅಂಟು, ವಾಸನೆ ಸಿಹಿ. ಹೋಸ್ ಪೈಪಿನ ಕ್ಲಿಪ್‌ಗಳು, ರೇಡಿಯೇಟರಿನ ಪ್ಲಾಸ್ಟಿಕ್ ತಲೆಯೂ ಅಲ್ಯೂಮಿನಿಯಂ ಜಾಲರಿಯೂ ಕೂಡುವ ಅಂಚು, ವಾಟರ್ ಪಂಪಿನ ಕೆಳಗಿನ ಸಣ್ಣ ತೂತು, ಮುಚ್ಚಳದ ರಬ್ಬರ್ – ಇವನ್ನೆಲ್ಲ ಟಾರ್ಚ್ ಹಾಕಿ ನೋಡಿ. ಬಿಸಿ ಲೋಹದ ಮೇಲೆ ಬಿದ್ದ ಹನಿ ಅಲ್ಲೇ ಆವಿಯಾಗುತ್ತದೆ. ಹಾಗಾಗಿ ಹಸಿ ಸಿಗದಿದ್ದರೂ ಒಣಗಿದ ಬಣ್ಣದ ಕಲೆ ಸಿಗುತ್ತದೆ.

ಕಾರಿನ ಒಳಗೆ ಅಂದರೆ, ಡ್ಯಾಶ್‌ಬೋರ್ಡ್ ಹಿಂದೆ ಹೀಟರಿನದೇ ಒಂದು ಸಣ್ಣ ರೇಡಿಯೇಟರ್ ಇದೆ. ಅದು ಸೋರಿದರೆ ಮುಂದಿನ ಕಾರ್ಪೆಟ್ ಅಂಟು ಅಂಟು ಒದ್ದೆ, ಗಾಜಿನ ಒಳಮೈಗೆ ಜಿಡ್ಡು ಮಬ್ಬು.

ಇಂಜಿನ್ನಿನ ಒಳಗೆ ಅಂದರೆ ಹೆಡ್ ಗ್ಯಾಸ್ಕೆಟ್. ಸೈಲೆನ್ಸರಿನಲ್ಲಿ ನಿಲ್ಲದ ಬಿಳಿ ಹೊಗೆ, ಟ್ಯಾಂಕಿನಲ್ಲಿ ಗುಳ್ಳೆ, ಇಂಜಿನ್ ಆಯಿಲ್ ಹಾಲು ಬೆರೆಸಿದ ಚಹಾದ ಹಾಗೆ. ಇವು ಅದರ ಗುರುತು.

ನಮಗೆ ಈ ಯಾವ ಗುರುತೂ ಸಿಗಲಿಲ್ಲ. ಒಂದು ಗ್ಯಾರೇಜಿನಲ್ಲಿ ಕಾರು ನೋಡಿ ಐದೇ ನಿಮಿಷಕ್ಕೆ, "ಹೆಡ್ ಗ್ಯಾಸ್ಕೆಟ್ ಹೋಗಿದೆ, ಇಂಜಿನ್ ಬಿಚ್ಚಬೇಕು, 180 ರಿಯಾಲ್" ಅಂದರು. ನಮ್ಮ ರೂಮಿನಲ್ಲೇ ಒಬ್ಬನಿಗೆ ಅದು ತಿಂಗಳ ಸಂಬಳಕ್ಕಿಂತ ಹೆಚ್ಚು. ಯಾವ ಟೆಸ್ಟ್ ಮಾಡಿ ಹೇಳಿದಿರಿ ಅಂತ ಕೇಳಿದರೆ ಉತ್ತರ ಇಲ್ಲ. ನೋಟ್‌ಬುಕ್ ಎತ್ತಿಕೊಂಡು ವಾದಿ ಕಬೀರ್ ಇಂಡಸ್ಟ್ರಿಯಲ್ ಏರಿಯಾದ ಇನ್ನೊಬ್ಬ ಉಸ್ತಾದ್ ಹತ್ತಿರ ಹೋದೆವು. ಅವರು ಮೊದಲು ಪುಟ ತಿರುಗಿಸಿ ನೋಡಿದರು. ಆಮೇಲೆ ರೇಡಿಯೇಟರಿನ ಬಾಯಿಗೆ ನೀಲಿ ದ್ರವದ ಒಂದು ನಳಿಗೆ ಇಟ್ಟರು. ಸುಟ್ಟ ಗ್ಯಾಸ್ ನೀರಿಗೆ ಸೇರುತ್ತಿದ್ದರೆ ಆ ನೀಲಿ ಹಳದಿಯಾಗುತ್ತದೆ. ನೀಲಿ ನೀಲಿಯಾಗಿಯೇ ಉಳಿಯಿತು. "ಹೆಡ್ ಚೆನ್ನಾಗಿದೆ, ಭಾಯ್" ಅಂದರು.

ಮುಂದೆ ಪ್ರೆಶರ್ ಟೆಸ್ಟ್. ಇಂಜಿನ್ ತಣ್ಣಗಾದ ಮೇಲೆ ಮುಚ್ಚಳದ ಜಾಗಕ್ಕೆ ಕೈ ಪಂಪ್ ಕೂರಿಸಿ 0.9ರ ತನಕ ಗಾಳಿ ತುಂಬಿದರು. ಚಹಾ ಕುಡಿದು ಬರುವಷ್ಟರಲ್ಲಿ ಮುಳ್ಳು 0.7ಕ್ಕೆ ಇಳಿದಿತ್ತು. ಆದರೂ ನೆಲ ಒಣ. ಉಸ್ತಾದ್ ಮೊಬೈಲಿನ ಟಾರ್ಚ್ ಹಚ್ಚಿ, ವಿಡಿಯೋ ಆನ್ ಮಾಡಿ, ಕೈ ಹೋಗದ ಇಂಜಿನ್ ಹಿಂಬದಿಗೆ ಇಳಿಬಿಟ್ಟರು. ಅಲ್ಲಿ ಸಿಕ್ಕಿತು. ಹೀಟರಿಗೆ ಹೋಗುವ ಸಣ್ಣ ಹೋಸ್ ಕ್ಲಿಪ್ಪಿನ ಬುಡದಲ್ಲಿ ಕೂದಲೆಳೆಯಷ್ಟು ಸೀಳು. ಹನಿ ಕೆಳಗಿನ ಸೈಲೆನ್ಸರ್ ಪೈಪಿನ ಮೇಲೆ ಬೀಳುತ್ತಿತ್ತು. ಓಡುವಾಗ ಪೈಪ್ ಕಾದಿರುತ್ತದೆ, ಹನಿ ನೆಲ ಮುಟ್ಟುವ ಮೊದಲೇ ಆವಿ. ಪೈಪಿನ ಮೇಲೆ ಗುಲಾಬಿ ಬಣ್ಣದ ಕಲೆ ಮಾತ್ರ ಉಳಿದಿತ್ತು.

ಮಸ್ಕತ್‌ನಲ್ಲಿ ಹೀಟರ್ ಹಾಕುವವರು ಯಾರು? ಹಾಕುವುದಿಲ್ಲ, ಹಾಗಾಗಿ ಆ ಕಡೆ ನೋಡುವವರೂ ಇಲ್ಲ. ಆದರೆ ಬಹಳಷ್ಟು ಕಾರುಗಳಲ್ಲಿ ಹೀಟರ್ ಆಫ್ ಇದ್ದರೂ ಬಿಸಿ ನೀರು ಆ ಹೋಸಿನಲ್ಲಿ ಓಡುತ್ತಲೇ ಇರುತ್ತದೆ. ಹಳೇ ಕಾರು ಇರುವವರು ದಪ್ಪ ಹೋಸ್ ಎರಡನ್ನು ಬದಲಾಯಿಸುವಾಗ ಈ ಸಣ್ಣವನ್ನೂ ನೆನಪಿಡಿ.

ಹೋಸ್, ಕ್ಲಿಪ್, ಹೊಸ ಕೂಲೆಂಟ್, ಕೂಲಿ ಎಲ್ಲ ಸೇರಿ 11 ರಿಯಾಲ್. ನಾಲ್ವರಿಗೆ ಹಂಚಿದರೆ ತಲಾ 2 ರಿಯಾಲ್ 750 ಬೈಸಾ. ಕಾರು ಮಾರುವ ಮಾತು ಮತ್ತೆ ಬರಲಿಲ್ಲ. ಲೆಕ್ಕ ಬರೆಯುವುದು ಅಂದರೆ ಯಾರನ್ನೋ ಹಿಡಿದುಹಾಕಲಿಕ್ಕೆ ಅಂತ ಜನ ತಿಳಿದಿದ್ದಾರೆ. ತಪ್ಪಿಲ್ಲದವನ ಮೇಲಿನ ಸಂಶಯ ತೆಗೆಯುವುದೂ ಲೆಕ್ಕದ ಕೆಲಸವೇ. ಪಾಲಿನ ಕಾರು, ಪಾಲಿನ ಅಡುಗೆ, ಪಾಲಿನ ಬಾಡಿಗೆ ಇರುವಲ್ಲಿ ಅದು ಇನ್ನೂ ಮುಖ್ಯ.

ಕೊನೆಗೆ ನಾಲ್ಕು ಮಾತು. ಬಿಸಿ ಇಂಜಿನ್ನಿನ ಮುಚ್ಚಳ ಯಾವ ಕಾರಣಕ್ಕೂ ತೆಗೆಯಬೇಡಿ, ಕುದಿಯುವ ನೀರು ಮುಖಕ್ಕೇ ಚಿಮ್ಮುತ್ತದೆ. ಸೋರಿಕೆ ನಿಲ್ಲಿಸುವ ಪುಡಿ ಸುರಿದರೆ ತೂತಿನ ಜೊತೆ ರೇಡಿಯೇಟರಿನ ಸಣ್ಣ ನಾಳಗಳೂ ಕಟ್ಟಬಹುದು. ದಾರಿಯಲ್ಲಿ ಮುಳ್ಳು ಏರಿದರೆ ಎಸಿ ಆಫ್ ಮಾಡಿ, ಹೀಟರ್ ಫುಲ್ ಹಾಕಿ, ಸುರಕ್ಷಿತ ಜಾಗ ಸಿಕ್ಕ ಕೂಡಲೇ ನಿಲ್ಲಿಸಿ ಇಂಜಿನ್ ಬಂದ್ ಮಾಡಿ. ಕೂಲೆಂಟ್ ವಿಷ, ರುಚಿ ಸಿಹಿ. ಗಲ್ಲಿಯ ಬೆಕ್ಕುಗಳು ನೆಕ್ಕದಂತೆ ಚೆಲ್ಲಿದ್ದನ್ನು ತೊಳೆಯಿರಿ, ಉಳಿದದ್ದನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ತುಂಬಿ ರೂಮಿನಲ್ಲಿ ಇಡಬೇಡಿ.

ನಾಳೆ ಬೆಳಗ್ಗೆ ಬಾನೆಟ್ ಎತ್ತುವ ಮುಂಚೆ ಒಂದು ಪೆನ್ನು ಜೇಬಿಗೆ ಹಾಕಿಕೊಳ್ಳಿ.