ಶೈತ್ಯಯಂತ್ರವೂ ಸಂತ ಜಾರ್ಜರ ಹಬ್ಬವೂ

ವಿದೇಶಗಳಲ್ಲಿ ನೆಲೆಸಿರುವ ನಮ್ಮ ಕರಾವಳಿಯ ಯುವಕರು ರಜೆಗೆ ಊರಿಗೆ ಬಂದಾಗ, ಅಲ್ಲಿ ಮನೆಯಲ್ಲಿಯೇ ಬಿಯರ್ ತಯಾರಿಸುವ ಹವ್ಯಾಸದ ಕುರಿತು ಮಾತನಾಡುವುದುಂಟು. ಸ್ವಂತ ಬಳಕೆಗಾಗಿ ಹೀಗೆ ತಯಾರಿಸಲು ಬ್ರಿಟನ್ನಿನಲ್ಲಿ 1963ರಿಂದ ಪರವಾನಗಿ ಬೇಕಿಲ್ಲ. ಅಮೆರಿಕದಲ್ಲಿ 1978ರ ಕಾನೂನು ಅದಕ್ಕೆ ದಾರಿ ಮಾಡಿಕೊಟ್ಟಿತು. ನಮ್ಮ ರಾಜ್ಯದಲ್ಲಾದರೋ 1965ರ ಅಬಕಾರಿ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧವೆಂಬುದನ್ನು ಮೊದಲೇ ಹೇಳಿಬಿಡುವುದು ಲೇಸು. ಆ ಹವ್ಯಾಸಿಗಳು ಬಿಯರಿನ ಪಾತ್ರೆಯನ್ನು ತಂಪಾಗಿಡಲು ಚಿಲ್ಲರ್ ಎಂಬ ಶೈತ್ಯಯಂತ್ರವನ್ನು ಬಳಸುತ್ತಾರೆಂದು ಕೇಳಿದೊಡನೆ, "ಮಠದ ಸನ್ಯಾಸಿಗಳು ಯಾವ ಯಂತ್ರವಿಟ್ಟುಕೊಂಡು ಬಿಯರ್ ಮಾಡಿದರಪ್ಪಾ?" ಎಂದು ಹಿರಿಯರು ನಗುತ್ತಾರೆ. ಪ್ರಶ್ನೆ ಚುರುಕಾಗಿದೆ. ಅದರ ಹಿಂದಿರುವ ಇತಿಹಾಸ ಮಾತ್ರ ಸರಿಯಲ್ಲ.

ಸನ್ಯಾಸಿಗಳಿಗೆ ಯಂತ್ರವಿರಲಿಲ್ಲ, ನಿಜ; ಆದರೆ ಅವರ ನಾಡಿನಲ್ಲಿ ಚಳಿಗಾಲವಿತ್ತು, ನೆಲಮಾಳಿಗೆಯಿತ್ತು, ಕೆರೆಗಳಲ್ಲಿ ಹೆಪ್ಪುಗಟ್ಟಿದ ಮಂಜುಗಡ್ಡೆಯಿತ್ತು. ಬವೇರಿಯದ ಡ್ಯೂಕ್ ಐದನೆಯ ಆಲ್ಬ್ರೆಕ್ಟ್ 1553ರಲ್ಲಿ ಹೊರಡಿಸಿದ ಆಜ್ಞೆಯು ಸಪ್ಟೆಂಬರ್ 29ರ ಸಂತ ಮೈಕೆಲರ ಹಬ್ಬದಿಂದ ಏಪ್ರಿಲ್ 23ರ ಸಂತ ಜಾರ್ಜರ ಹಬ್ಬದವರೆಗೆ ಮಾತ್ರ ಬಿಯರ್ ತಯಾರಿಕೆಗೆ ಅವಕಾಶವಿತ್ತಿತು. ಬೇಸಿಗೆಯಲ್ಲಿ ಮಾಡಿದ್ದು ಕೆಡುತ್ತದೆಂಬುದು ಅನುಭವದಿಂದ ತಿಳಿದಿತ್ತು, ಕೆಡುವುದೇಕೆಂಬುದು ತಿಳಿದಿರಲಿಲ್ಲ. ಇಬ್ಬರು ಸಂತರ ಹಬ್ಬಗಳೇ ಅಂದಿನ ಥರ್ಮೋಸ್ಟಾಟ್ ಎಂದರೆ ಅತಿಶಯೋಕ್ತಿಯಾಗದು. ಮುಂದೆ 1870ರ ದಶಕದಲ್ಲಿ ಕಾರ್ಲ್ ಲಿಂಡೆ ಎಂಬ ಪ್ರಾಧ್ಯಾಪಕರು (ಇವರು ಪ್ರೊಟೆಸ್ಟಂಟ್ ಪಾದ್ರಿಯೊಬ್ಬರ ಮಗ) ತಮ್ಮ ಶೈತ್ಯಯಂತ್ರವನ್ನು ಪರೀಕ್ಷಿಸಿದ್ದು ಮ್ಯೂನಿಕ್ ನಗರದ ಸ್ಪಾಟೆನ್ ಬಿಯರ್ ಕಾರ್ಖಾನೆಯಲ್ಲಿ. ಇಂದು ಮನೆಮನೆಯಲ್ಲಿರುವ ಫ್ರಿಜ್ಜಿನ ವಂಶಾವಳಿಯನ್ನು ಹುಡುಕುತ್ತ ಹೋದರೆ ಬಿಯರಿನ ಪೀಪಾಯಿಗಳ ಪಕ್ಕದಲ್ಲಿಯೂ ನಿಲ್ಲಬೇಕಾಗುತ್ತದೆ.

ತಂಪಿನ ಅಗತ್ಯವಾದರೂ ಏನು? ಮೊಳೆಯಿಸಿ ಒಣಗಿಸಿದ ಬಾರ್ಲಿಯ ಸಿಹಿ ರಸವನ್ನು ಕುದಿಸಿ, ಆರಿಸಿ, ಅದಕ್ಕೆ ಯೀಸ್ಟ್ ಹಾಕುತ್ತಾರೆ. ಯೀಸ್ಟ್ ಜೀವವುಳ್ಳದ್ದು. ಅದು ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಅನಿಲವನ್ನೂ ಕೊಡುವಾಗ ಶಾಖವನ್ನೂ ಕೊಡುತ್ತದೆ. ಇಪ್ಪತ್ತು ಲೀಟರಿನ ಪಾತ್ರೆಯೊಂದರಲ್ಲಿ ಹುದುಗುವಿಕೆ ಭರದಿಂದ ಸಾಗಿರುವಾಗ ಒಳಗಿನ ಉಷ್ಣತೆ ಕೋಣೆಯದಕ್ಕಿಂತ ಮೂರು ನಾಲ್ಕು ಡಿಗ್ರಿ ಹೆಚ್ಚಿರಬಲ್ಲದು. ಬಿಸಿ ಹೆಚ್ಚಿದಷ್ಟೂ ಯೀಸ್ಟಿನ ವೇಗ ಹೆಚ್ಚುತ್ತದೆ, ವೇಗ ಹೆಚ್ಚಿದಷ್ಟೂ ಬಿಸಿ. ಆ ಆತುರದಲ್ಲಿ ಗಂಟಲು ಸುಡುವ ಕಟುವಾದ ಮದ್ಯಸಾರಗಳೂ ಹಣ್ಣಿನ ವಾಸನೆಯ ದ್ರವ್ಯಗಳೂ ಬೇಕಾದದ್ದಕ್ಕಿಂತ ಹೆಚ್ಚು ಹುಟ್ಟುತ್ತವೆ. ಮೊದಲ ಎರಡು ಮೂರು ದಿನಗಳಲ್ಲಿ ಹೀಗೆ ಹುಟ್ಟಿದ ದೋಷವನ್ನು ಆಮೇಲೆ ತಿಂಗಳುಗಟ್ಟಲೆ ತಂಪಿನಲ್ಲಿಟ್ಟರೂ ಪೂರ್ತಿ ತೆಗೆಯಲಾಗದು. ಬೆಳಿಗ್ಗೆ ಇಳಿಸಿದ ಸಿಹಿ ಕಳ್ಳು ನಮ್ಮ ಸೆಕೆಯಲ್ಲಿ ಸಂಜೆಯೊಳಗೆ ಹುಳಿಯಾಗುವುದನ್ನು ಕಂಡವರಿಗೆ, ಸನ್ನಕ್ಕೆ ಕಳ್ಳು ಬೆರೆಸಿ ಹಿಟ್ಟು ಉಬ್ಬುವುದನ್ನು ಕಾದ ತಾಯಂದಿರಿಗೆ, ಇದನ್ನು ವಿವರಿಸಬೇಕಾದ ಅಗತ್ಯವಿಲ್ಲ.

ವೈದ್ಯನು ರೋಗಿಯನ್ನು ಗುಣಪಡಿಸುವಾಗ ಪ್ರಧಾನ ಕರ್ತೃ ರೋಗಿಯ ಒಳಗಿರುವ ಪ್ರಕೃತಿಯೇ, ವೈದ್ಯನ ಕಲೆ ಅದಕ್ಕೆ ಸಹಾಯಕ ಎಂಬುದು ಸಂತ ತೋಮಾಸ್ ಅಕ್ವಿನಾಸರ ವಿಚಾರ. ಬಿಯರ್ ಮಾಡುವವನ ಸ್ಥಿತಿಯೂ ಅದೇ. ಬಿಯರನ್ನು ಮಾಡುವುದು ಯೀಸ್ಟ್; ಮನುಷ್ಯನು ಅದಕ್ಕೆ ಹಿತವಾದ ನೆಲೆಯನ್ನು ಒದಗಿಸುತ್ತಾನೆ. ಆದುದರಿಂದ ಚಿಲ್ಲರ್ ಪ್ರಕೃತಿಯ ಮೇಲಣ ದಬ್ಬಾಳಿಕೆ ಎಂಬ ಆಕ್ಷೇಪವನ್ನು ನಾನು ಒಪ್ಪಲಾರೆ.

ಆದರೆ ಯಂತ್ರವನ್ನು ಕೊಂಡ ಮಾತ್ರಕ್ಕೆ ಕೆಲಸ ಮುಗಿಯಿತೆನ್ನುವವರನ್ನೂ ಒಪ್ಪಲಾರೆ. ಅನೇಕರು ಉಷ್ಣತೆ ಅಳೆಯುವ ತಂತಿಯನ್ನು ಫ್ರಿಜ್ಜಿನೊಳಗೆ ಗಾಳಿಯಲ್ಲಿ ತೂಗಬಿಡುತ್ತಾರೆ. ಗಾಳಿ ತಂಪಾಗಿರುತ್ತದೆ, ಬಿಯರ್ ಬಿಸಿಯಾಗಿಯೇ ಇರುತ್ತದೆ! ತಂತಿಯ ತುದಿಯನ್ನು ಪಾತ್ರೆಯ ಮೈಗೆ ಅಂಟಿಸಿ, ಮೇಲೆ ದಪ್ಪ ಬಟ್ಟೆಯನ್ನೋ ಸ್ಪಂಜನ್ನೋ ಹೊದಿಸಬೇಕು. ತಂಪೇ ಸರ್ವಸ್ವವೆಂದೂ ತಿಳಿಯಬಾರದು. ಏಲ್ ಎಂಬ ಬಗೆಗೆ ಸಾಮಾನ್ಯವಾಗಿ 18ರಿಂದ 20 ಡಿಗ್ರಿ ಸೆಲ್ಸಿಯಸ್, ಲಾಗರಿಗೆ ಸುಮಾರು 10 ಡಿಗ್ರಿ ಹಿತ. ಆ ಲಾಗರನ್ನೂ ಕೊನೆಯಲ್ಲಿ ಒಂದೆರಡು ದಿನ ತುಸು ಬೆಚ್ಚಗಾಗಲು ಬಿಟ್ಟರೆ, ಬೆಣ್ಣೆಯಂಥ ವಾಸನೆಯನ್ನು ಯೀಸ್ಟೇ ತಿಂದು ಕಳೆಯುತ್ತದೆ. ಬೆಲ್ಜಿಯಂನ ಕೆಲವು ಟ್ರಾಪಿಸ್ಟ್ ಮಠಗಳಲ್ಲಂತೂ ಉಷ್ಣತೆಯನ್ನು ಬೇಕೆಂದೇ ಏರಗೊಡುತ್ತಾರೆ. ಎಷ್ಟರವರೆಗೆ ಎಂಬುದನ್ನು ಅರಿತು ಏರಗೊಡುತ್ತಾರೆ, ಅಷ್ಟೇ.

ದುಬಾರಿ ಯಂತ್ರವೇ ಆಗಬೇಕೆಂಬುದು ಅಂಗಡಿಯವರ ಮಾತು. ಒಂದೇ ಪಾತ್ರೆಯಾದರೆ ಹಳೆಯ ಫ್ರಿಜ್ಜೂ ಹೊರಗಿನಿಂದ ಜೋಡಿಸುವ ಥರ್ಮೋಸ್ಟಾಟೂ ಸಾಕು. ಅದೂ ಇಲ್ಲದವನು ಪಾತ್ರೆಯನ್ನು ನೀರಿನ ತೊಟ್ಟಿಯಲ್ಲಿಟ್ಟು, ಒದ್ದೆ ಬಟ್ಟೆ ಸುತ್ತಿ, ಫ್ಯಾನ್ ಹಾಕಿದರೆ ಏಲ್ ಮಟ್ಟಿಗೆ ತಕ್ಕಮಟ್ಟಿನ ಫಲ ಕಾಣುತ್ತಾನೆ. ನಮ್ಮ ಕರಾವಳಿಯಂಥ ಆರ್ದ್ರ ಹವೆಯಲ್ಲಿ ಈ ಉಪಾಯ ನಡೆಯದು. ನಾಲ್ಕಾರು ಪಾತ್ರೆಗಳಿಗೆ ಬೇರೆಬೇರೆ ಉಷ್ಣತೆ ಬೇಕಾದಾಗ ಮಾತ್ರ, ಗ್ಲೈಕಾಲ್ ಬೆರೆಸಿದ ತಣ್ಣೀರನ್ನು ಕೊಳವೆಗಳಲ್ಲಿ ಹರಿಸುವ ಚಿಲ್ಲರ್ ಸಾರ್ಥಕವಾಗುತ್ತದೆ. ಅಲ್ಲಿಯೂ ಒಂದು ಎಚ್ಚರಿಕೆ ಅಗತ್ಯ. ಬಳಸಬೇಕಾದದ್ದು ಆಹಾರದರ್ಜೆಯ ಪ್ರೊಪಿಲೀನ್ ಗ್ಲೈಕಾಲ್. ಮೋಟಾರು ವಾಹನಗಳ ರೇಡಿಯೇಟರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ. ಅಗ್ಗವೆಂದು ಅದನ್ನು ತುಂಬಿದ ಚಿಲ್ಲರಿನ ಕೊಳವೆ ಒಳಗೆ ಸೋರಿದರೆ ಅದು ರುಚಿಯಲ್ಲಿ ತಿಳಿಯುವುದಿಲ್ಲ, ಏಕೆಂದರೆ ಅದೂ ಸಿಹಿಯಾಗಿಯೇ ಇರುತ್ತದೆ.