ಬಣ್ಣದ ಕೆಳಗಿನ ಕೆಲಸ

ಬ್ರಿಟನ್ನಿನಲ್ಲಿ ಹಳೆಯ ಕಾರು ಕೊಳ್ಳಲು ಹೊರಟವರಿಗೆ ಅನುಭವಸ್ಥರು ಒಂದು ಬುದ್ಧಿಮಾತು ಹೇಳುತ್ತಾರೆ: ಜೇಬಿನಲ್ಲಿ ಒಂದು ಪುಟ್ಟ ಅಯಸ್ಕಾಂತ ಇಟ್ಟುಕೊಂಡು ಹೋಗಿ. ಕಾರು ಫಳಫಳ ಹೊಳೆಯುತ್ತಿರಬಹುದು. ಅದಕ್ಕೆ ಮರುಳಾಗಬೇಡಿ. ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಬಾಗಿಲಿನ ಕೆಳಭಾಗಕ್ಕೆ, ಮಡ್‌ಗಾರ್ಡಿನ ಅಂಚಿಗೆ ತಾಗಿಸಿ ನೋಡಿ. ಕಚ್ಚಿಕೊಂಡರೆ ಅಲ್ಲಿ ತಗಡಿದೆ. ಜಾರಿ ಬಿದ್ದರೆ ಬಣ್ಣದ ಕೆಳಗಿರುವುದು ಬರೀ ಪುಟ್ಟಿ!

ಮಾರಿಸ್ ಮೈನರ್ ಎಂಬ ಪುಟ್ಟ ಕಾರಿನ ವಿಷಯದಲ್ಲಂತೂ ಈ ಎಚ್ಚರ ಬೇಕೇ ಬೇಕು. 1948ರಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಮೋಟಾರು ಪ್ರದರ್ಶನದಲ್ಲಿ ಮೊದಲ ಸಲ ಕಾಣಿಸಿಕೊಂಡ ಈ ಗುಂಡುಗುಂಡಗಿನ ಕಾರು, ಹತ್ತು ಲಕ್ಷದ ಗಡಿ ದಾಟಿದ ಮೊದಲ ಬ್ರಿಟಿಷ್ ಕಾರು. 1970ರ ದಶಕದ ಆರಂಭದಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ 16 ಲಕ್ಷಕ್ಕೂ ಹೆಚ್ಚು ಮೈನರ್‌ಗಳು ಕಾರ್ಖಾನೆಯಿಂದ ಹೊರಬಂದಿದ್ದವು. ಹಳ್ಳಿ ಸುತ್ತುವ ನರ್ಸಮ್ಮನಿಂದ ಹಿಡಿದು ಅಂಚೆಯವರು, ಪೊಲೀಸರವರೆಗೆ ಎಲ್ಲರೂ ಅದನ್ನು ಓಡಿಸಿದವರೇ. ನಮಗೂ ಅದು ಪರಕೀಯವಲ್ಲ. 1950ರ ಆಸುಪಾಸಿನಲ್ಲಿ ಹಿಂದೂಸ್ತಾನ್ ಮೋಟಾರ್ಸ್‌ನವರು ಅದನ್ನೇ 'ಬೇಬಿ ಹಿಂದೂಸ್ತಾನ್' ಎಂದು ಮಾರುತ್ತಿದ್ದರು. 2014ರವರೆಗೆ ತಯಾರಾದ ನಮ್ಮ ಅಂಬಾಸಿಡರ್, ಇದೇ ಮಾರಿಸ್ ಮನೆತನದ 'ಆಕ್ಸ್‌ಫರ್ಡ್' ಎಂಬ ಅಣ್ಣನ ಸಂತಾನ.

ಇಂಥ ಹಳೆಯ ಕಾರುಗಳಿಗೆ ಮರುಜೀವ ಕೊಡುವ ಕಸುಬುದಾರರು ಬ್ರಿಟನ್ನಿನಲ್ಲಿ ಇಂದಿಗೂ ಇದ್ದಾರೆ. ಅವರ ಕೆಲಸಕ್ಕೆ ರಿಪೇರಿ ಎಂಬ ಪದ ಸಾಲದು. ಗುಡಿಗಳ ವಿಷಯದಲ್ಲಿ ನಾವು ಬಳಸುವ 'ಜೀರ್ಣೋದ್ಧಾರ' ಎಂಬ ಮಾತೇ ಸರಿಯಾದೀತು. ರಿಪೇರಿಯವನು ಕೆಟ್ಟದ್ದನ್ನು ಸರಿಮಾಡುತ್ತಾನೆ. ಜೀರ್ಣೋದ್ಧಾರ ಮಾಡುವವನು ಸುತ್ತಿಗೆ ಹಿಡಿಯುವ ಮೊದಲು ಆ ವಸ್ತುವನ್ನು ಓದಬೇಕು.

ಓದುವುದೆಂದರೇನು? ಒಂದು ಉದಾಹರಣೆ ನೋಡಿ. ಮೈನರ್ ಕಾರಿನ ವಿನ್ಯಾಸಕಾರ ಅಲೆಕ್ ಇಸಿಗೊನಿಸ್. ಕಾರು ಇನ್ನೇನು ತಯಾರಿಕೆಗೆ ಹೋಗಬೇಕು ಎನ್ನುವಾಗ ಅದರ ಅಗಲ ಕಡಿಮೆಯಾಯಿತೆಂದು ಅವರಿಗೆ ಅನ್ನಿಸಿತು. ಮಾದರಿ ಕಾರನ್ನು ಉದ್ದಕ್ಕೆ ಎರಡು ಹೋಳು ಮಾಡಿಸಿ, ಹೋಳುಗಳನ್ನು ದೂರ ಸರಿಸಿ ನೋಡಿ, 4 ಇಂಚು ಹೆಚ್ಚಿಸಿದರು. ಅಷ್ಟರಲ್ಲಿ ಬಂಪರುಗಳು ತಯಾರಾಗಿಬಿಟ್ಟಿದ್ದವು. ಅವನ್ನೂ ನಡುವೆ ಕತ್ತರಿಸಿ 4 ಇಂಚಿನ ತೇಪೆ ಹಾಕಿದರು. ಬಾನೆಟ್ಟಿನ ನಡುವಿನ ಚಪ್ಪಟೆ ಪಟ್ಟಿ ಕೊನೆಯವರೆಗೂ ಉಳಿಯಿತು. ಅರೆಬರೆ ತಿಳಿದವನು ಆರಂಭದ ಕಾರುಗಳಲ್ಲಿರುವ ಆ ತೇಪೆಯನ್ನು ಕಂಡು "ಯಾರೋ ಕೆಡಿಸಿದ್ದಾರೆ" ಎಂದು ಹೊಸ ಬಂಪರ್ ಹಾಕಿಬಿಟ್ಟಾನು. ಬಲ್ಲವನು ಅದನ್ನು ಜೋಪಾನವಾಗಿ ಉಳಿಸುತ್ತಾನೆ. ಒಬ್ಬ ಎಂಜಿನಿಯರ್ ತನ್ನ ತಪ್ಪನ್ನು ಒಪ್ಪಿಕೊಂಡು ತಿದ್ದಿಕೊಂಡದ್ದಕ್ಕೆ ಅದೇ ಸಾಕ್ಷಿ.

ಇನ್ನು ನಿಜವಾದ ಶತ್ರುವಿನ ವಿಷಯ. ಅದೇ ತುಕ್ಕು. ಚಳಿಗಾಲದಲ್ಲಿ ಹಿಮ ಕರಗಲೆಂದು ಬ್ರಿಟನ್ನಿನ ರಸ್ತೆಗಳಿಗೆ ಉಪ್ಪು ಎರಚುತ್ತಾರೆ. ಆ ಉಪ್ಪುನೀರು ಕಾರಿನ ತಳದ ಸಂದುಗೊಂದುಗಳಲ್ಲಿ ಸೇರಿ ಒಳಗಿಂದೊಳಗೇ ತಗಡನ್ನು ತಿನ್ನುತ್ತದೆ. ಲಾರಿಗಿರುವಂತೆ ಮೈನರ್‌ಗೆ ಬೇರೆ ಚಾಸಿ ಇಲ್ಲ. ಬಾಡಿಯೇ ಭಾರ ಹೊರಬೇಕು. ಬಾಗಿಲಿನ ಕೆಳಗೆ, ಮನೆಗೆ ಹೊಸ್ತಿಲಿದ್ದ ಹಾಗೆ, 'ಸಿಲ್' ಎಂಬ ಪೊಳ್ಳು ತೊಲೆ ಇರುತ್ತದೆ. ಅದು ಟೊಳ್ಳಾದರೆ ಕಾರೇ ನಡು ಬಗ್ಗಿಸುತ್ತದೆ. ಹಲಸಿನ ಹಣ್ಣನ್ನು ತಟ್ಟಿ ನೋಡುವಂತೆ, ನುರಿತವನು ಪುಟ್ಟ ಸುತ್ತಿಗೆಯಿಂದ ತಟ್ಟುತ್ತಾ ಸದ್ದಿನಿಂದಲೇ ಗಟ್ಟಿ ಯಾವುದು, ಪೊಳ್ಳು ಯಾವುದು ಎಂದು ಗುರುತಿಸುತ್ತಾನೆ.

ಕೊಳೆತ ಸಿಲ್ಲನ್ನು ಕತ್ತರಿಸುವ ಮೊದಲು ಅವನು ಬಾಗಿಲಿನ ಚೌಕಟ್ಟಿಗೆ ಅಡ್ಡಲಾಗಿ ಕಬ್ಬಿಣದ ಊರೆ ಕೊಟ್ಟು ಬಿಗಿಮಾಡುತ್ತಾನೆ. ಇಲ್ಲವಾದರೆ ಕತ್ತರಿಸಿದ ಕೂಡಲೇ ಬಾಡಿ ಕುಸಿದು ಅಳತೆ ತಪ್ಪುತ್ತದೆ. ಆಮೇಲೆ ಎಷ್ಟೇ ಅಂದವಾಗಿ ವೆಲ್ಡಿಂಗ್ ಮಾಡಿದರೂ ಬಾಗಿಲು ಸರಿಯಾಗಿ ಕೂರುವುದಿಲ್ಲ. ಹಳೆಯ ವೆಲ್ಡಿನ ಚುಕ್ಕಿಗಳನ್ನು ಒಂದೊಂದಾಗಿ ಕೊರೆದು ತೆಗೆಯಬೇಕು, ಗಟ್ಟಿ ತಗಡು ಸಿಗುವವರೆಗೆ ಕತ್ತರಿಸುತ್ತಾ ಹೋಗಬೇಕು, ಹೊಸ ತಗಡನ್ನು ಕೂರಿಸಿ, ಬಾಗಿಲು ಹಾಕಿ ತೆಗೆದು ಸಂದು ಸಮವಾಗಿದೆಯೇ ಎಂದು ನೋಡಿ, ಆಮೇಲೆ ಬೆಸೆಯಬೇಕು. ಇಡೀ ಕಾರಿಗೆ ನೂರಾರು ಗಂಟೆಗಳ ದುಡಿಮೆ. ಕೊನೆಗೆ ಬಣ್ಣ ಬಳಿದಾಗ ಅದರಲ್ಲಿ ಒಂದಂಶವೂ ಕಣ್ಣಿಗೆ ಕಾಣುವುದಿಲ್ಲ!

'ಟ್ರಾವೆಲರ್' ಎಂಬ ಮೈನರ್ ಇನ್ನೂ ಸ್ವಾರಸ್ಯದ್ದು. 1953ರಲ್ಲಿ ಬಂದ ಈ ಕಾರಿನ ಹಿಂಭಾಗಕ್ಕೆ ಮರದ ಚೌಕಟ್ಟು. ನೋಡಿದವರು ಅಲಂಕಾರವೆಂದುಕೊಳ್ಳುತ್ತಾರೆ. ಆದರೆ ಆಶ್ ಎಂಬ ಮರದ ಆ ಚೌಕಟ್ಟೇ ಹಿಂಭಾಗವನ್ನು ಹಿಡಿದು ನಿಲ್ಲಿಸಿರುವುದು. ಕೀಲುಗಳಲ್ಲಿ ನೀರು ನಿಂತು ಮರ ಕಪ್ಪಾಗಿ ಮೆತ್ತಗಾದರೆ ತುಕ್ಕು ಹಿಡಿದ ತೊಲೆಯಷ್ಟೇ ಅಪಾಯ. ಈ ಕಾರನ್ನು ಮುಟ್ಟುವವನು ಟಿಂಕರಿಂಗ್ ಜತೆಗೆ ಬಡಗಿತನವನ್ನೂ ಬಲ್ಲವನಾಗಿರಬೇಕು.

ಹಳೆಯದೆಲ್ಲ ಇದ್ದ ಹಾಗೇ ಇರಬೇಕೆಂಬ ಹಟವೂ ಸಲ್ಲದು. ಈ ಎಂಜಿನ್‌ಗಳು ಸೀಸ ಬೆರೆತ ಪೆಟ್ರೋಲಿನ ಕಾಲದವು. ಆ ಪೆಟ್ರೋಲಿನ ಸಾಮಾನ್ಯ ಮಾರಾಟ ಬ್ರಿಟನ್ನಿನಲ್ಲಿ 2000ದಲ್ಲಿ ನಿಂತಿತು. ಸೀಸವಿಲ್ಲದ ಪೆಟ್ರೋಲಿನಲ್ಲಿ ಹಳೆಯ ವಾಲ್ವ್ ಸೀಟುಗಳು ಬೇಗ ಸವೆಯುತ್ತವೆ. ಆದ್ದರಿಂದ ಎಂಜಿನ್ ಬಿಚ್ಚಿದಾಗಲೇ ಗಟ್ಟಿ ಲೋಹದ ಸೀಟುಗಳನ್ನು ಕೂರಿಸುವುದು ರೂಢಿ. ಹೊರಗೆ ನೋಡಿದರೆ ಅದೇ ಹಳೆಯ ಎಂಜಿನ್. ಯಾವುದನ್ನು ಉಳಿಸಬೇಕು, ಯಾವುದನ್ನು ಬದಲಿಸಬೇಕು ಎಂಬ ವಿವೇಕವೇ ಇಲ್ಲಿ ಅರ್ಧ ವಿದ್ಯೆ.

ಇಷ್ಟೆಲ್ಲ ಯಾಕೆ, ಹಳೆಯ ಕಾರಿನ ಶೋಕಿಗೆ ಇಷ್ಟು ಪೀಠಿಕೆಯೇ ಎಂದು ಯಾರಾದರೂ ಕೇಳಬಹುದು. ಶೋಕಿಯ ಮಾತಲ್ಲ, ಜೀವದ ಮಾತು. ಮೈನರ್‌ನ ಮುಂದಿನ ಚಕ್ರಗಳ ಹಿಂದೆ 'ಟ್ರನಿಯನ್' ಎಂಬ ಮರೆ ಇರುವ ಒಂದು ಬಿಡಿಭಾಗವಿದೆ. ಆಗಾಗ ಗ್ರೀಸ್ ಹಾಕದಿದ್ದರೆ ಅದರ ಮರೆ ಸವೆದು, ಒಂದು ದಿನ ಓಡುತ್ತಿರುವಾಗಲೇ ಚಕ್ರ ಮಡಚಿಕೊಳ್ಳುತ್ತದೆ. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಮೂರು ವರ್ಷ ದಾಟಿದ ಕಾರು ಪ್ರತಿ ವರ್ಷ 'ಎಂಒಟಿ' ಎಂಬ ಪರೀಕ್ಷೆ ಪಾಸಾಗಬೇಕು. ಆದರೆ 2018ರ ಮೇ ತಿಂಗಳಿನಿಂದ, ಮೂಲ ರಚನೆ ಹೆಚ್ಚು ಬದಲಾಗದ 40 ವರ್ಷ ದಾಟಿದ ಕಾರುಗಳಿಗೆ ಈ ಪರೀಕ್ಷೆ ಕಡ್ಡಾಯವಲ್ಲ. ಎಂದರೆ, ಪರೀಕ್ಷಕನಿಲ್ಲದ ಪರೀಕ್ಷೆ! ಸಿಲ್ಲಿಗೆ ತಗಡು ಬೆಸೆದನೋ, ಪುಟ್ಟಿ ತುಂಬಿ ಬಣ್ಣ ಬಳಿದನೋ ಎಂಬುದು ಎಷ್ಟೋ ಸಲ ಆ ಕೆಲಸಗಾರನಿಗೆ ಮಾತ್ರ ಗೊತ್ತು. ಆ ಕಾರಿನಲ್ಲಿ ಕೂರುವ ಸಂಸಾರದ ಕ್ಷೇಮ ಅವನ ಮನಸ್ಸಾಕ್ಷಿಯ ಮೇಲೆ ನಿಂತಿರುತ್ತದೆ.

ಬಾತ್ ನಗರದಲ್ಲಿ 1976ರಲ್ಲಿ ಮಾರಿಸ್ ಮೈನರ್ ಸೆಂಟರ್ ಶುರುಮಾಡಿದ ಚಾರ್ಲ್ಸ್ ವೇರ್, ಇಂಥ ಕಾರನ್ನು ಆಗಾಗ ಸರಿಪಡಿಸಿಕೊಂಡು ದೀರ್ಘಕಾಲ ಬಳಸುವುದೇ ಮಿತವ್ಯಯದ ದಾರಿ ಎಂದು ವಾದಿಸಿ 1982ರಲ್ಲಿ ಪುಸ್ತಕವನ್ನೇ ಬರೆದರು. ಬಿಡಿಭಾಗಗಳನ್ನು ಶ್ರೀಲಂಕಾದಲ್ಲಿ ಮಾಡಿಸುವ ಏರ್ಪಾಟನ್ನೂ ಮಾಡಿದರು. ಆ ವಾದ ನಿಲ್ಲಬೇಕಾದರೆ ಬೇಕಾದದ್ದು ಒಂದೇ, ನಂಬಬಹುದಾದ ಕೈಗಳು.

ತಂದೆತಾಯಿಯರಿಗೆ ಒಂದು ಮಾತು. ಇಸಿಗೊನಿಸ್ ಕಾಲೇಜಿನಲ್ಲಿ ಮೂರು ಸಲ ಗಣಿತದಲ್ಲಿ ಫೇಲಾದವರು. ಅವರೇ ಮುಂದೆ 1959ರಲ್ಲಿ 'ಮಿನಿ' ಕಾರನ್ನೂ ಕೊಟ್ಟರು. ಹಾಗೆಂದು ಗಣಿತ ಬೇಡ ಎಂದು ಮಕ್ಕಳು ಕುಣಿಯಬೇಕಾಗಿಲ್ಲ. ಇಂಚಿನ ಸಾವಿರದ ಒಂದಂಶ ಅಳೆಯಲು ಬಾರದವನು ಎಂಜಿನ್ ರಿಬೋರ್ ಮಾಡಲಾರ. ನಾನು ಹೇಳುವುದಿಷ್ಟೆ: ಕೈಯಿಂದ ಕಲಿಯುವ ಮಗುವಿನ ಕೈಯನ್ನು ಕೀಳಾಗಿ ಕಾಣಬೇಡಿ.

ಒಳ್ಳೆಯ ಕೆಲಸಗಾರರಲ್ಲಿ ಒಂದು ಪದ್ಧತಿ ಇದೆ. ಕೊಳೆತ ತಗಡು, ಕತ್ತರಿಸಿದ ಜಾಗ, ಊರೆ, ಹೊಸ ಬೆಸುಗೆ ಎಲ್ಲವನ್ನೂ ಹಂತಹಂತವಾಗಿ ಫೋಟೊ ತೆಗೆದು, ಕಾರಿನ ಜತೆ ಆ ಆಲ್ಬಮ್ಮನ್ನೂ ಮಾಲೀಕನ ಕೈಗಿಡುತ್ತಾರೆ. ವಿದ್ಯಾರ್ಥಿಗಳು ಉತ್ತರಪತ್ರಿಕೆಯ ಅಂಚಿನಲ್ಲಿ ಮಾಡುವ ರಫ್ ವರ್ಕ್ ಇದ್ದ ಹಾಗೆ. ನಾವು ಅಂಕಪಟ್ಟಿಗೆ ಸಹಿ ಹಾಕುವಾಗ ಬಣ್ಣವನ್ನಷ್ಟೇ ನೋಡುತ್ತೇವೆ. ಮುಂದಿನ ಸಲ ಸಹಿ ಹಾಕುವ ಮೊದಲು ಮಗುವಿನ ರಫ್ ಪುಸ್ತಕವನ್ನೂ ಒಮ್ಮೆ ಕೇಳಿ ನೋಡಿ.